ಪಟ್ಟಿಯಲ್ಲಿ ಜಾಗವಿಲ್ಲದ ಹುಳು

ಆ ಬಾಟಲಿ ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಅಬುಧಾಬಿಯಲ್ಲಿ ನಾನು ಕೆಲಸ ಮಾಡುವ ನೀರು ಪರೀಕ್ಷೆಯ ಲ್ಯಾಬಿಗೆ ಬರುವುದು ಹೆಚ್ಚಾಗಿ ಕಟ್ಟಡಗಳ ಟ್ಯಾಂಕಿನ ನೀರು, ಇಲ್ಲವೇ ಈಜುಕೊಳದ ನೀರು. ಅದರಲ್ಲಿ ಬರಿಗಣ್ಣಿಗೆ ಏನೂ ಕಾಣಿಸುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸಿ, ಎಣಿಸಿ, ವರದಿ ಕಳಿಸಿದರೆ ಮುಗಿಯಿತು. ಈ ಬಾಟಲಿಯ ತಳದಲ್ಲಿ ಮಾತ್ರ ಉಗುರಿನುದ್ದದ ಕಂದು ಎಳೆಗಳು ಗಾಜಿಗೆ ಅಂಟಿಕೊಂಡು ನಿಧಾನವಾಗಿ ಜಾರುತ್ತಿದ್ದವು. ಮಾದರಿ ತಂದವನು ಜಿಗಣೆಮರಿ ಇರಬೇಕು ಎಂದು ಚೀಟಿಯಲ್ಲಿ ಬರೆದಿದ್ದ. ಖಲೀಫಾ ಸಿಟಿಯ ಒಂದು ವಿಲ್ಲಾದ ಅಂಗಳದ ತಾವರೆಕೊಳದ ನೀರು ಅದು. ಮನೆಯ ಮೊಮ್ಮಗು ಅದರಲ್ಲಿ ಕೈಯಾಡಿಸಿತ್ತಂತೆ, ಅಜ್ಜಿ ಹೆದರಿ ಪರೀಕ್ಷೆಗೆ ಕಳಿಸಿದ್ದರು.

ನನಗೆ ಜಿಗಣೆ ಅಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು. ಒಂದನ್ನು ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟೆ. ತ್ರಿಕೋನದ ತಲೆ, ಎರಡು ಬದಿಗೆ ಕಿವಿಯಂಥ ಮೂಲೆ, ನಡುವೆ ಮೆಳ್ಳೆಗಣ್ಣಿನ ಹಾಗೆ ಒಂದನ್ನೊಂದು ನೋಡುವ ಎರಡು ಕಣ್ಣು. ಸಿಹಿನೀರಿನ ಚಪ್ಪಟೆ ಹುಳು. ಹದಿನೈದು ವರ್ಷದ ನಂತರ ಅದನ್ನು ಮತ್ತೆ ನೋಡುತ್ತಿದ್ದೆ. ಮಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಎರಡು ವರ್ಷ ನಾನು ಇದೇ ಹುಳುಗಳ ಹಿಂದೆ ತಿರುಗಿದ್ದೆ. ತೋಡು, ಕೆರೆ, ಪಂಪ್‌ಸೆಟ್ಟಿನ ಗುಂಡಿ ಯಾವುದನ್ನೂ ಬಿಟ್ಟಿರಲಿಲ್ಲ. ಮದುವೆಯಾಯಿತು, ವೀಸಾ ಬಂತು, ಸಂಶೋಧನೆ ಅರ್ಧಕ್ಕೆ ನಿಂತಿತು. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ ಹುಳು ಹುಡುಕಿಕೊಂಡು ತೋಡಿಗಿಳಿಯುವುದು ನಿಂತಿತಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಸಮಾಧಾನವೇ ಆಗಿತ್ತು.

ಇಷ್ಟು ಹೇಳಿದ್ದು ಏಕೆಂದರೆ, ಆ ದಿನ ನಾನು ಮಾಡಿದ್ದರಲ್ಲಿ ಹೆಮ್ಮೆಯ ಪಾಲಿತ್ತು. ನಮ್ಮ ವರದಿಗಳನ್ನು ಕಂಪ್ಯೂಟರೇ ಬರೆಯುತ್ತದೆ. ಜೀವಿ ಸಿಕ್ಕರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ, ಅದರಲ್ಲಿ ಆರಿಸಬೇಕು. ಕೊನೆಯಲ್ಲಿ 'ಇತರೆ' ಎಂದೂ ಇದೆ. ಲ್ಯಾಬಿನಲ್ಲಿ ಬೇರೆ ಯಾರಿದ್ದರೂ ಅದನ್ನೇ ಒತ್ತಿ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ನಾನು ಒತ್ತಲಿಲ್ಲ. ನನಗೆ ಗೊತ್ತಿತ್ತಲ್ಲ! ಹುಡುಕಿ ಹುಡುಕಿ ಚಪ್ಪಟೆ ಹುಳುಗಳ ವಂಶದ ಹೆಸರನ್ನು, ಪ್ಲಾಟಿಹೆಲ್ಮಿಂಥಿಸ್ ಎಂಬುದನ್ನು, ಆರಿಸಿದೆ. ಷರಾ ಬರೆಯುವ ಜಾಗದಲ್ಲಿ, ಇದು ಸ್ವತಂತ್ರವಾಗಿ ಬದುಕುವ ಹುಳು, ಮನುಷ್ಯರಿಗೆ ಅಪಾಯವಿಲ್ಲ ಎಂದು ಎರಡು ಸಾಲು ಸೇರಿಸಿದೆ. ಕಳಿಸು ಎಂಬುದನ್ನು ಒತ್ತಿ, ಬಹಳ ದಿನಗಳ ಮೇಲೆ ಖುಷಿಯಿಂದ ಮನೆಗೆ ಹೋದೆ.

ಆ ವಂಶದಲ್ಲಿ ಲಾಡಿಹುಳುವೂ ಇದೆ, ಕುರಿಗಳ ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುವ ಹುಳುವೂ ಇದೆ. ಪಟ್ಟಿ ಮಾಡಿದವರಿಗೆ ಗೊತ್ತಿದ್ದದ್ದು ಹೀಗೆ ಇನ್ನೊಂದು ಮೈಯೊಳಗೆ ಸೇರಿ ಬದುಕುವವೇ. ಹಾಗಾಗಿ ಆ ವಂಶದ ಹೆಸರು ಆರಿಸಿದರೆ ವರದಿಯ ಮೊದಲ ಪುಟದಲ್ಲಿ, ಕೆಂಪು ಅಕ್ಷರದಲ್ಲಿ, 'ಪ್ಯಾರಸೈಟ್ ಪತ್ತೆಯಾಗಿದೆ' ಎಂದು ತಾನೇ ಅಚ್ಚಾಗುತ್ತದೆ. ನನ್ನ ಎರಡು ಸಾಲು ಎರಡನೆಯ ಪುಟಕ್ಕೆ ಹೋಗಿತ್ತು. ಎರಡನೆಯ ಪುಟವನ್ನು ಯಾರೂ ಓದುವುದಿಲ್ಲ.

ಇದು ನನಗೆ ತಿಳಿದದ್ದು ಒಂಬತ್ತು ದಿನಗಳ ನಂತರ, ಒಂದು ಫೋನಿನಿಂದ. ವರದಿಯ ಕೆಳಗಿದ್ದ ನಂಬರು ಹಿಡಿದು ಯಾರೋ ಕರೆ ಮಾಡಿದ್ದರು. ಹಿಂದಿಯಲ್ಲಿ ಶುರು ಮಾಡಿದರು. ಆ ಹಿಂದಿಯ ಎಳೆತ ಕೇಳಿದರೆ ಸಾಕಿತ್ತು, ಊರು ಎಲ್ಲಿ ಎಂದು ಕನ್ನಡದಲ್ಲೇ ಕೇಳಿದೆ. ಉಡುಪಿ ಹತ್ತಿರ ಎಂದರು. ಆಮೇಲೆ ತಡೆಯಿಲ್ಲದೆ ಹೇಳತೊಡಗಿದರು. ಅವರು ಆ ವಿಲ್ಲಾದ ಅಡುಗೆಯವರು. ಮನೆಯವರು ಮುಂಬಯಿಯಲ್ಲಿದ್ದಾಗಿನಿಂದ ಅವರ ಜೊತೆಗಿದ್ದವರು, ಇಲ್ಲಿಗೂ ಅವರ ಜೊತೆಗೇ ಬಂದವರು. ಅಜ್ಜಿಗೆ ಆಸೆಯೆಂದು ಕೊಳಕ್ಕೆ ನೀರಿನ ಗಿಡಗಳನ್ನು ತಂದು ಹಾಕಿದ್ದು ಅವರೇ. ಹಾಕುವ ಮೊದಲು ಅವನ್ನು ತೊಳೆದದ್ದು ಅಡುಗೆಮನೆಯ ಸಿಂಕಿನಲ್ಲಿ.

"ಪ್ಯಾರಸೈಟ್ ಉಂಟು ಅಂತ ನೀವು ಬರೆದದ್ದಂತೆ ಮೇಡಂ," ಎಂದರು. "ಗಿಡ ಮುಟ್ಟಿದ ಕೈ ಅಂತ ನನ್ನನ್ನು ಅಡುಗೆಕೋಣೆಗೆ ಸೇರಿಸುವುದಿಲ್ಲ. ಟೆಸ್ಟ್ ಮಾಡಿಸಿದರು, ಎಂತದೂ ಇಲ್ಲ ಅಂತ ಬಂತು. ಆದರೂ ಹೊರಗೆಯೇ ಕೂತಿದ್ದೇನೆ. ಅದು ಎಂತ ಹುಳು ಅಂತ ಒಂದು ಸರಿಯಾಗಿ ಬರೆದು ಕೊಡ್ತೀರಾ?"

ಕೊಡುತ್ತೇನೆ ಎಂದೆ. ಎರಡು ದಿನದ ಕೆಲಸ ಎಂದು ನನ್ನ ಲೆಕ್ಕ.

ನಮ್ಮ ಮ್ಯಾನೇಜರ್ ಕೇರಳದವರು. ಕೆಟ್ಟವರಲ್ಲ, ಆದರೆ ಕಾಗದಕ್ಕೆ ಹೆದರುವವರು. ನಡೆದದ್ದನ್ನೆಲ್ಲ ಕೇಳಿ ತಲೆಯಾಡಿಸಿದರು. ಹೋದ ವರದಿಯನ್ನು ಹಾಗೆಲ್ಲ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ, ಪಟ್ಟಿ ಹೆಡ್ ಆಫೀಸಿನದ್ದು, ಅದನ್ನು ಬದಲಿಸಬೇಕಾದರೆ ಅರ್ಜಿ ಹಾಕಬೇಕು, ಅರ್ಜಿಯಲ್ಲಿ ಹುಳುವಿನ ಪೂರ್ತಿ ಹೆಸರು ಇರಬೇಕು ಎಂದರು. ಪೂರ್ತಿ ಹೆಸರೆಂದರೆ ಎರಡು ಭಾಗ: ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಒಂದು ಮನೆತನದ ಹೆಸರು, ಇನ್ನೊಂದು ಅದರದ್ದೇ ಹೆಸರು. ಎರಡೂ ಇದ್ದರೆ ಮಾತ್ರ ಅರ್ಜಿ ಮುಂದೆ ಹೋಗುತ್ತದೆ.

ಎರಡು ದಿನದ ಲೆಕ್ಕ ತಪ್ಪಿತೆಂದು ಅವರ ಕೋಣೆಯಿಂದ ಹೊರಬರುವಾಗಲೇ ನನಗೆ ಗೊತ್ತಾಯಿತು. ಏಕೆಂದರೆ ಮಂಗಳೂರಿನಲ್ಲಿ ಎರಡು ವರ್ಷ ನಾನು ಸೋತದ್ದು ಇಲ್ಲಿಯೇ. ಈ ಹುಳುಗಳು ಹೊರಗಿನಿಂದ ನೋಡಲು ಹೆಚ್ಚು ಕಡಿಮೆ ಒಂದೇ ಥರ. ಪ್ರಭೇದ ಯಾವುದೆಂದು ಹೇಳಬೇಕಾದರೆ ಪ್ರಾಯಕ್ಕೆ ಬಂದ ಹುಳು ಬೇಕು. ಅದನ್ನು ಮೇಣದಲ್ಲಿ ಹೂತು, ಕೂದಲಿಗಿಂತ ತೆಳುವಾಗಿ ಹೆರೆದು, ಬಣ್ಣ ಹಾಕಿ, ಒಳಗಿನ ಜನನಾಂಗದ ಕೊಳವೆಗಳು ಎಲ್ಲಿ ಹೇಗೆ ತಿರುಗುತ್ತವೆ ಎಂದು ಒಂದೊಂದೇ ಚೂರಿನಲ್ಲಿ ನೋಡಬೇಕು. ತೊಂದರೆ ಏನೆಂದರೆ ಬಹಳಷ್ಟು ಹುಳುಗಳು ಪ್ರಾಯಕ್ಕೇ ಬರುವುದಿಲ್ಲ. ಅವಕ್ಕೆ ಅದರ ಅಗತ್ಯವಿಲ್ಲ. ನಡುವಿನಲ್ಲಿ ಹರಿದುಕೊಂಡು ಎರಡಾಗುತ್ತವೆ. ಬಾಲಕ್ಕೆ ತಲೆ ಬರುತ್ತದೆ, ತಲೆಗೆ ಬಾಲ ಬರುತ್ತದೆ. ಜನನಾಂಗವಿಲ್ಲದ ಹುಳುವಿಗೆ ಪ್ರಭೇದದ ಹೆಸರು ಕೊಡುವುದು ಮುಖವಿಲ್ಲದ ಫೋಟೋ ಹಿಡಿದು ಆಳನ್ನು ಹುಡುಕಿದ ಹಾಗೆ.

ಆದರೂ ಕುಲದ ಹೆಸರನ್ನಾದರೂ ಹಿಡಿಯೋಣ ಎಂದು ಕೂತೆ. ಈ ಹುಳುವಿನ ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಅಲ್ಲಿಂದ ಒಂದು ಕೊಳವೆ ಹೊರಚಾಚಿ ಉಣ್ಣುತ್ತದೆ. ಡುಗೇಸಿಯಾ ಎಂಬ ಕುಲದಲ್ಲಿ ಆ ಕೊಳವೆ ಬೆಳ್ಳಗೆ. ಗಿರಾರ್ಡಿಯಾ ಎಂಬ ಕುಲದಲ್ಲಿ ಅದರ ಮೇಲೆ ಕಂದು ಬಣ್ಣದ ಚುಕ್ಕೆಗಳು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಸಾಸಿವೆಯಷ್ಟು ಹಾಕಿ ಕಾದೆ. ಒಂದು ಹುಳು ಬಂದು ಅದರ ಮೇಲೆ ಮಲಗಿ ಕೊಳವೆ ಚಾಚಿತು. ಕಂದು ಚುಕ್ಕೆ ಎದ್ದು ಕಾಣುತ್ತಿತ್ತು. ಗಿರಾರ್ಡಿಯಾ. ಅಮೆರಿಕ ಖಂಡದ ಮೂಲದ್ದು, ಅಕ್ವೇರಿಯಂ ಗಿಡಗಳ ಜೊತೆ ಲೋಕವೆಲ್ಲ ತಿರುಗಿದ್ದು. ಅರ್ಧ ಹೆಸರು ಸಿಕ್ಕಿತು.

ಮ್ಯಾನೇಜರ್ ಅರ್ಧ ಹೆಸರನ್ನು ಅರ್ಜಿಯಲ್ಲಿ ತುಂಬಿ ನೋಡಿದರು. ಪ್ರಭೇದದ ಜಾಗದಲ್ಲಿ, ವಿಜ್ಞಾನದ ಪದ್ಧತಿಯಂತೆ, 'ಎಸ್‌ಪಿ' ಎಂದು ಹಾಕಲು ಹೇಳಿದೆ. ಯಾವ ಪ್ರಭೇದವೋ ತಿಳಿಯದು ಎಂದು ಅದರ ಅರ್ಥ, ಜಗತ್ತಿನ ಎಲ್ಲ ಮ್ಯೂಸಿಯಂಗಳಲ್ಲೂ ಹಾಗೆ ಬರೆಯುತ್ತಾರೆ. ಕಂಪ್ಯೂಟರು ಒಪ್ಪಲಿಲ್ಲ. ಕಡಿಮೆಯೆಂದರೆ ನಾಲ್ಕು ಅಕ್ಷರ ಬೇಕಂತೆ.

ಯುರೋಪಿನ ಒಂದು ಮ್ಯೂಸಿಯಂನಲ್ಲಿ ಈ ಹುಳುಗಳನ್ನು ಬಲ್ಲ ಒಬ್ಬ ಹಿರಿಯರಿದ್ದರು. ಅವರಿಗೆ ಫೋಟೋಗಳನ್ನು ಕಳಿಸಿದೆ. ಮೂರೇ ದಿನದಲ್ಲಿ ಬಹಳ ಸೌಜನ್ಯದ ಉತ್ತರ ಬಂತು. ಗಿರಾರ್ಡಿಯಾ ಹೌದು, ಪ್ರಭೇದ ಹೇಳಲಾರೆ, ಪ್ರಾಯದ ಹುಳುಗಳನ್ನು ಆಲ್ಕೋಹಾಲಿನಲ್ಲಿಟ್ಟು ಕಳಿಸಿ ಎಂದಿದ್ದರು. ಪ್ರಾಯದ ಹುಳು ನನ್ನಲ್ಲಿರಲಿಲ್ಲ. ಇದ್ದರೂ ಜೀವಿಗಳ ಮಾದರಿಯನ್ನು ದೇಶದಿಂದ ಹೊರಗೆ ಕಳಿಸಲು ಅನುಮತಿ ಪತ್ರ ಬೇಕು. ಆ ಪತ್ರದ ನಮೂನೆ ತೆರೆದು ನೋಡಿದೆ. ಮೊದಲನೆಯ ಕಾಲಂ: ಜೀವಿಯ ಪ್ರಭೇದ.

ನಾನು ಕಂಪ್ಯೂಟರು ಮುಚ್ಚಿ, ಬಚ್ಚಲಿಗೆ ಹೋಗಿ, ಮುಖ ತೊಳೆದುಕೊಂಡು ಬಂದೆ.

ಲ್ಯಾಬಿನಲ್ಲಿ ಮಾದರಿಗಳನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಹನ್ನೊಂದು ಹುಳುಗಳನ್ನು ಉಪ್ಪಿನಕಾಯಿಯ ಖಾಲಿ ಜಾಡಿಗೆ ಹಾಕಿಕೊಂಡು ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿಗೆ ತಂದೆ. ತಣ್ಣಗಿನ ನೀರಿನಲ್ಲಿಟ್ಟು ಚೆನ್ನಾಗಿ ಉಣಿಸಿದರೆ ಕೆಲವು ಹುಳುಗಳು ಪ್ರಾಯಕ್ಕೆ ಬರುತ್ತವೆ ಎಂದು ಹಿಂದೆ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಫ್ರಿಜ್ಜಿನಲ್ಲಿ ಬಹಳ ತಣ್ಣಗಾಗುತ್ತದೆ, ಹೊರಗೆ ಬಹಳ ಬಿಸಿ. ಹಾಗಾಗಿ ಫ್ರಿಜ್ಜಿನ ಬಾಗಿಲಿನಲ್ಲಿ, ಹಾಲಿನ ಪಕ್ಕ, ದಿನಕ್ಕೆ ಕೆಲವು ಗಂಟೆ ಇಟ್ಟು ತೆಗೆಯುತ್ತಿದ್ದೆ. ನನ್ನ ಗಂಡನಿಗೆ ದುಬೈಯಲ್ಲಿ ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಕೆಲಸ. ವಾರವೆಲ್ಲ ಅಲ್ಲೇ ಇದ್ದು ಶುಕ್ರವಾರ ಮನೆಗೆ ಬರುತ್ತಾರೆ. ಬಂದವರು ಚಹಾ ಮಾಡಲು ಫ್ರಿಜ್ ತೆರೆದು, ಜಾಡಿ ಎತ್ತಿ ನೋಡಿ, ಅಲ್ಲೇ ಇಟ್ಟು ಬಾಗಿಲು ಮುಚ್ಚಿದರು. ಆಮೇಲೆ ಕೆಳಗಿನ ಕೆಫೆಟೀರಿಯಾಕ್ಕೆ ಹೋಗಿ ಚಹಾ ಕುಡಿದು ಬಂದರು. ಮಗಳಿಗೆ ಹದಿಮೂರು. ನಾನು ಬ್ಯಾರಿಯಲ್ಲೋ ಕನ್ನಡದಲ್ಲೋ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ರೂಢಿ. ಇದು ಅಸಹ್ಯ ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಎರಡನೆಯ ವಾರದಲ್ಲಿ ಮಾತ್ರ, ಶಾಲೆಯಿಂದ ಬಂದ ಕೂಡಲೇ ಜಾಡಿಯ ಎದುರು ಬಗ್ಗಿ ನಿಂತು ಎಣಿಸುವುದನ್ನು ಕಂಡೆ.

ಹನ್ನೊಂದು ಹದಿನೇಳಾದವು. ಹದಿನೇಳು ಮೂವತ್ತಾದವು. ಎಲ್ಲವೂ ಹರಿದುಕೊಂಡೇ ಆದವು. ಕೋಳಿಯ ಲಿವರ್ ಹಾಕಿದೆ, ಮೊಟ್ಟೆ ಹಾಕಿದೆ, ನೀರು ಬದಲಿಸಿದೆ. ಹೊಟ್ಟೆಯಡಿ ಜನನರಂಧ್ರ ಮೂಡಿತೇ ಎಂದು ಮನೆಗೆ ತಂದಿದ್ದ ಕೈಮಸೂರದಲ್ಲಿ ಪ್ರತಿ ಶನಿವಾರ ಒಂದೊಂದನ್ನೇ ತಿರುಗಿಸಿ ನೋಡಿದೆ. ನುಣ್ಣಗೆ, ಖಾಲಿ. ಒಮ್ಮೆ ಸಿಟ್ಟು ತಡೆಯಲಾಗದೆ ಜಾಡಿಗೇ ಬೈದೆ. ಮಗಳು ನಕ್ಕಳು.

"ದೇ ಡೋಂಟ್ ಕೇರ್, ಉಮ್ಮಾ," ಎಂದಳು.

ಅಷ್ಟರಲ್ಲಿ ಅಡುಗೆಯವರು ಎರಡು ಸಲ ಫೋನ್ ಮಾಡಿದ್ದರು. ಮೊದಲ ಸಲ, ಆಗ್ತಾ ಉಂಟು ಎಂದೆ. ಎರಡನೆಯ ಸಲ ತೆಗೆಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ತೆಗೆಯಲಿಲ್ಲ ಎಂಬುದು ನಿಜ.

ಕೊನೆಗೆ ಗಿಡ ಕೊಂಡ ಅಂಗಡಿಯಲ್ಲಾದರೂ ಪ್ರಾಯದ ಹುಳು ಸಿಕ್ಕೀತು ಎಂದು ಒಂದು ಶನಿವಾರ ಹೋದೆ. ಅಂಗಡಿಯವರು ಭಟ್ಕಳದ ಹಿರಿಯರು, ಮನೆಯ ಮಾತು ನವಾಯತಿ. ನಾನು ಮಂಗಳೂರು ಕಡೆ ಎಂದದ್ದೇ ಕನ್ನಡಕ್ಕೆ ತಿರುಗಿದರು. ಜಾಡಿ ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ ಒಮ್ಮೆ ನೋಡಿ ನಕ್ಕರು.

"ಇದಾ? ಗಿಡದ ಜೊತೆ ಬರ್ತದೆ. ನಾನು ಅಂಗಡಿ ಹಾಕಿದಂದಿನಿಂದ ನೋಡ್ತಾ ಇದ್ದೇನೆ. ಮೀನಿನ ಮೊಟ್ಟೆ ತಿಂತದೆ, ಮತ್ತೇನೂ ಮಾಡುದಿಲ್ಲ."

ಇದರ ಹೆಸರು ಗೊತ್ತೇ ಎಂದೆ. ಹುಳು ಎಂದರು. ಮೊಟ್ಟೆಯಿಟ್ಟದ್ದನ್ನು ಎಂದಾದರೂ ನೋಡಿದ್ದೀರಾ ಎಂದು ಕೇಳಿದೆ. ಮೊಟ್ಟೆ ಯಾಕೆ, ತುಂಡಾದರೆ ಸಾಕಲ್ಲ ಎಂದರು. ಅವರ ಹಿಂದಿನ ಮೂರು ತೊಟ್ಟಿಗಳನ್ನೂ ತಡಕಿದೆ. ಸಿಕ್ಕಿದವೆಲ್ಲ ನನ್ನ ಜಾಡಿಯವುಗಳ ಹಾಗೆಯೇ ನುಣ್ಣಗಿದ್ದವು. ಮಾರುವವರಿಗೆ ಅದು ನಿರಪಾಯಕಾರಿ ಎಂದು ಗೊತ್ತಿದೆ, ಮ್ಯೂಸಿಯಂನ ವಿದ್ವಾಂಸರಿಗೆ ಗೊತ್ತಿದೆ, ನನಗೆ ಗೊತ್ತಿದೆ. ಆದರೂ ಒಬ್ಬ ಮನುಷ್ಯ ತಾನು ಇಷ್ಟು ವರ್ಷ ಬೇಯಿಸಿದ ಅಡುಗೆಮನೆಯ ಹೊರಗೆ ಕೂತಿದ್ದಾನೆ. ಅಂಗಡಿಯಿಂದ ಹೊರಬಂದು ಬಿಸಿಲಿನಲ್ಲಿ ಕಾರಿನ ಬಾಗಿಲು ತೆರೆದು ಜಾಡಿಯನ್ನು ಸೀಟಿನ ಮೇಲಿಟ್ಟೆ. ಅಳು ಬರುವ ಹಾಗಿತ್ತು. ಅದು ದುಃಖದ ಅಳು ಅಲ್ಲ, ಬೀಗಕ್ಕೆ ತಪ್ಪು ಕೀಲಿ ಹಾಕಿ ತಿರುಗಿಸಿ ತಿರುಗಿಸಿ ಕೈ ನೋಯುವಾಗ ಬರುವಂಥದ್ದು.

ಭಾನುವಾರ ಬೆಳಿಗ್ಗೆ ಅಡುಗೆಯವರಿಗೆ ನಾನೇ ಫೋನ್ ಮಾಡಿದೆ. ಫೋನ್ ತೆಗೆಯದೆ ಇದ್ದದ್ದಕ್ಕೆ ಕ್ಷಮೆ ಕೇಳಿದೆ. ಪ್ಯಾರಸೈಟ್ ಎಂದು ಅಚ್ಚಾಗುವ ಹೆಸರನ್ನು ಆ ಪಟ್ಟಿಯಲ್ಲಿ ಒತ್ತಿದ್ದು ನಾನೇ ಎಂಬುದನ್ನೂ ಹೇಳಿದೆ.

"ನೀವು ಅದು ಒತ್ತದಿದ್ದರೆ?" ಎಂದು ಕೇಳಿದರು.

'ಇತರೆ' ಎಂದು ಬರುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ ಎಂದೆ.

"ಓ," ಎಂದರು. ಅಷ್ಟೇ.

ಸೋಮವಾರ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೆಸರು ಸಿಗುವುದಿಲ್ಲ, ಈ ಜನ್ಮದಲ್ಲಿ ಸಿಗುವುದಿಲ್ಲ, ಪಟ್ಟಿ ಹಾಗೇ ಇರಲಿ, ನನಗೆ ಲ್ಯಾಬಿನ ಲೆಟರ್‌ಹೆಡ್ಡಿನಲ್ಲಿ ಇದು ಪ್ಯಾರಸೈಟ್ ಅಲ್ಲ ಎಂಬ ಒಂದು ಪತ್ರ ಬೇಕು, ಸಹಿ ನಿಮ್ಮದು, ತಪ್ಪು ನನ್ನದು ಎಂದು ಬರೆಯಿರಿ ಎಂದೆ. ಹೆಡ್ ಆಫೀಸಿಗೆ ಏನು ಹೇಳುವುದು ಎಂದು ಕೇಳಿದರು. ಕಂಪ್ಯೂಟರಿಗೆ ನಾಲ್ಕು ಅಕ್ಷರ ಬೇಕು, ಮನುಷ್ಯರಿಗೆ ಬೇಡ ಎಂದುಬಿಟ್ಟೆ. ನನ್ನ ಧ್ವನಿ ಏರಿತ್ತು. ಹಾಗೆ ಅವರೆದುರು ಎಂದೂ ಮಾತಾಡಿದವಳಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಎಂಟನೇ ಸಲ ತಿದ್ದಿದ ಮೇಲೆ, ಬುಧವಾರ, ಸಹಿ ಹಾಕಿಕೊಟ್ಟರು. ತಪ್ಪು ನನ್ನದು ಎಂಬ ಸಾಲನ್ನು ಅವರೇ ತೆಗೆದುಹಾಕಿದ್ದರು.

ಪತ್ರವನ್ನು ನಾನೇ ತೆಗೆದುಕೊಂಡು ಖಲೀಫಾ ಸಿಟಿಗೆ ಹೋದೆ. ಬಾಗಿಲು ತೆರೆದದ್ದು ಸೊಸೆ. ಒಳಗೆ ಕರೆದು ಕೂರಿಸಿದರು. ಪತ್ರವನ್ನು ಎರಡು ಸಲ, ಎರಡೂ ಪುಟ, ಓದಿದರು. ಅಜ್ಜಿಗೂ ಹಿಂದಿಯಲ್ಲಿ ಓದಿ ಹೇಳಿದರು. ಅಜ್ಜಿ ನನ್ನ ಕೈ ಹಿಡಿದು, ಹಾಗಾದರೆ ಮಗುವಿಗೆ ಏನೂ ಆಗುವುದಿಲ್ಲ ಅಲ್ಲವೇ ಎಂದು ಮೂರು ಸಲ ಕೇಳಿದರು. ಇಲ್ಲ ಎಂದು ಮೂರು ಸಲ ಹೇಳಿದೆ. ಚಹಾ ಬಂತು. ತಂದವಳು ಬೇರೊಬ್ಬ ಹೆಂಗಸು. ಕಿಟಕಿಯ ಆಚೆ ಅಂಗಳದಲ್ಲಿ ಕೊಳವಿದ್ದ ಜಾಗಕ್ಕೆ ಹೊಸ ಟೈಲ್ಸ್ ಹಾಕಿದ್ದರು, ಬದಿಗೆ ಸಿಮೆಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.

ಅಡುಗೆಯವರು ಎಲ್ಲಿ ಎಂದು ಕೇಳಿದೆ. ಸೊಸೆ ಕಪ್ಪನ್ನು ಕೆಳಗಿಟ್ಟರು. ತಾವು ಹೋಗು ಎಂದು ಹೇಳಿರಲಿಲ್ಲ, ಹೊರಗಿನ ಕೆಲಸ ನೋಡಿಕೊಳ್ಳಲಿ ಎಂದಷ್ಟೇ ಇತ್ತು, ಭಾನುವಾರ ಸಂಜೆ ಅವರೇ ಬಂದು ಕೆಲಸ ಬಿಡುತ್ತೇನೆ ಎಂದರು, ತಡೆದರೂ ಕೇಳಲಿಲ್ಲ ಎಂದರು. ತಮ್ಮ ಅತ್ತೆ ಅವತ್ತು ಊಟ ಮಾಡಲಿಲ್ಲ ಎಂದೂ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಮಾಡಬೇಕೆಂದಿತ್ತು. ಅದಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆದರೆ ಕೆಂಪು ಅಕ್ಷರದಲ್ಲಿ ಪ್ಯಾರಸೈಟ್ ಎಂದು ಬರೆದು ನನ್ನ ಮನೆಗೆ ಕಳಿಸಿದ್ದರೆ, ನನ್ನ ಮಗಳಿಗೆ ಎರಡು ವರ್ಷವಾಗಿದ್ದಾಗ ಕಳಿಸಿದ್ದರೆ, ನಾನೂ ಬೇರೇನು ಮಾಡುತ್ತಿದ್ದೆ?

ಭಾನುವಾರ ಸಂಜೆ ಎಂದರೆ, ಇದೆಲ್ಲ ಆದದ್ದು ನಾನು ಒತ್ತಿದ ಒಂದು ಹೆಸರಿನಿಂದ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ ದಿನವೇ.

ಅವರನ್ನು ಹುಡುಕಲು ಕಷ್ಟವಾಗಲಿಲ್ಲ, ನಂಬರು ಅದೇ ಇತ್ತು. ಮುಸಫ್ಫಾದ ಗ್ಯಾರೇಜುಗಳ ನಡುವೆ ಒಂದು ಕೆಫೆಟೀರಿಯಾದಲ್ಲಿ ಕೆಲಸಕ್ಕೆ ಸೇರಿದ್ದರು. ಮುಂದಿನ ಶನಿವಾರ ಮಗಳನ್ನೂ ಕರೆದುಕೊಂಡು ಹೋದೆ. ಅದುವರೆಗೆ ಧ್ವನಿ ಮಾತ್ರ ಗೊತ್ತಿತ್ತು. ತೆಳ್ಳಗಿನ, ನೆಟ್ಟಗೆ ನಿಲ್ಲುವ, ಐವತ್ತು ದಾಟಿದ ಮನುಷ್ಯ. ನಮ್ಮನ್ನು ಫ್ಯಾನಿನ ಕೆಳಗಿನ ಮೇಜಿಗೆ ಕೂರಿಸಿ, ಕೇಳದೆಯೇ ಎರಡು ಪ್ಲೇಟ್ ಗೋಳಿಬಜೆ ತಂದಿಟ್ಟರು. ಪತ್ರದ ಒಂದು ಪ್ರತಿ ಕೊಟ್ಟೆ. ನಿಂತುಕೊಂಡೇ ಓದಿದರು. ಹುಳುವಿನ ಹೆಸರು ಬಂದಲ್ಲಿ ಬೆರಳಿಟ್ಟು, ಇದು ಪೂರ್ತಿ ಹೆಸರಾ ಎಂದು ಕೇಳಿದರು. ಅರ್ಧ ಎಂದೆ. ಉಳಿದರ್ಧ ಏಕಿಲ್ಲ ಎಂದು ವಿವರಿಸಲು ಹೊರಟವಳು ಮಧ್ಯದಲ್ಲೇ ನಿಲ್ಲಿಸಿದೆ.

ಆ ಮನೆಗೆ ವಾಪಸು ಹೋಗುತ್ತೀರಾ, ಅಜ್ಜಿ ಕೇಳುತ್ತಿದ್ದಾರೆ ಎಂದೆ.

"ಇಲ್ಲ ಅಕ್ಕ," ಎಂದರು. ಮೇಡಂ ಎನ್ನುವುದನ್ನು ಬಿಟ್ಟದ್ದು ಆಗಲೇ. "ಅವರು ಒಳ್ಳೆಯವರೇ. ಆದರೆ ನಾನು ಕೈ ತೊಳೆಯುವಾಗೆಲ್ಲ ಇನ್ನು ಅವರು ನೋಡ್ತಾರೆ. ನನಗೂ ಅವರು ನೋಡ್ತಾರಾ ಅಂತ ನೋಡ್ಬೇಕಾಗ್ತದೆ. ಅದು ಬೇಡ."

ನನ್ನ ಮೇಲೆ ಬೇಜಾರಿದೆಯೇ ಎಂದು ಕೇಳಿದೆ. ಕೇಳಬಾರದಿತ್ತು. ಅವರು ಪತ್ರವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮೊದಲು ಇತ್ತು, ಈಗ ಅದಕ್ಕೆ ಪುರುಸೊತ್ತಿಲ್ಲ ಎಂದರು. ಅಷ್ಟರಲ್ಲಿ ಗ್ಯಾರೇಜಿನ ಪಠಾಣರ ಒಂದು ಗುಂಪು ಒಳಬಂತು. ಬೇಗ ಎಂಬಂತೆ ಯಲ್ಲಾ, ಯಲ್ಲಾ ಎನ್ನುತ್ತ ಅವರಲ್ಲೊಬ್ಬ ಮೇಜು ಬಡಿದ. ಅಡುಗೆಯವರು ಒಳಗೆ ಹೋದರು. ಗೋಳಿಬಜೆ ಬಿಸಿಯಾಗಿ, ಮೆತ್ತಗೆ, ಊರಿನದ್ದರ ಹಾಗೆಯೇ ಇತ್ತು. ಮಗಳು ತನ್ನದನ್ನು ಮುಗಿಸಿ ನನ್ನ ಪ್ಲೇಟಿಗೂ ಕೈ ಹಾಕಿದಳು.

ನನಗೆ ಮಾತ್ರ ಅವರ ಸಿಟ್ಟಿಲ್ಲದ ಮುಖವೇ ತಡೆಯಲಾಗಲಿಲ್ಲ. ಎರಡು ಬೈದಿದ್ದರೆ ನನ್ನ ಪಾಲಿನದ್ದು ಅಲ್ಲಿಗೆ ತೀರುತ್ತಿತ್ತೋ ಏನೋ. ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ನಾನು ಸ್ಟಿಯರಿಂಗ್ ಬಿಗಿಹಿಡಿದದ್ದನ್ನು ಮಗಳು ನೋಡುತ್ತಿದ್ದಳು.

"ನೀನು ಸರಿಯಾದದ್ದೇ ಬರೆದದ್ದಲ್ವಾ ಉಮ್ಮಾ?" ಎಂದು ಕೇಳಿದಳು. ಅಪರೂಪಕ್ಕೆ ಕನ್ನಡದಲ್ಲಿ.

ಹೌದು, ಸರಿಯಾದದ್ದೇ ಎಂದೆ. ಹಸಿರು ಬಂತು. ಹಿಂದಿನ ಕಾರು ಹಾರನ್ ಮಾಡಿತು.